ಆವಿ ಅಂದವರು ಯಾರು ಸ್ವಾಮಿ?

ಕಳೆದ ತಿಂಗಳು ನಮ್ಮ ಪ್ರೆಸ್ಸಿನ ಬೈಂಡಿಂಗ್ ಮೇಜಿನ ಮೇಲೆ ಒಂದು ವಸ್ತು ಬಂದು ಕೂತಿತು. ಹೆಬ್ಬೆರಳಿನಷ್ಟು ದಪ್ಪ, ಗಿಳಿಹಸಿರು ಬಣ್ಣ, ಒಂದು ತುದಿಯಲ್ಲಿ ಪೀಪಿಯ ಬಾಯಿಯಂಥ ಬಾಯಿ. ತಂದವರು ನಮ್ಮಲ್ಲಿ ಹನ್ನೊಂದು ವರ್ಷದಿಂದ ಹಾಳೆ ಮಡಿಸಿ, ಪಿನ್ ಹೊಡೆದು, ಬಂಡಲ್ ಕಟ್ಟುವ ಹೆಣ್ಣುಮಗಳು. ‘ಅಣ್ಣಾ, ಇದು ಪೆನ್‌ಡ್ರೈವಾ ನೋಡಿ. ಮಗನ ಬ್ಯಾಗಲ್ಲಿತ್ತು. ಕೇಳಿದ್ರೆ ನೆಗಡಿಗೆ ತಗೊಳ್ಳೋ ಆವಿ ಅಂತಾನೆ’ ಅಂದರು. ಮೂಸಿ ನೋಡಿದೆ. ಮಾವಿನ ಹಣ್ಣಿನ ವಾಸನೆ, ಜೊತೆಗೆ ಪೆಪ್ಪರ್‌ಮೆಂಟು. ಹುಡುಗ ಓದುತ್ತಿರುವುದು ಪ್ರಥಮ ಪಿಯುಸಿ.

ಅದು ಪೆನ್‌ಡ್ರೈವೂ ಅಲ್ಲ, ನೆಗಡಿ ಮದ್ದೂ ಅಲ್ಲ. ಹುಡುಗರು ‘ವೇಪ್’ ಅನ್ನುವ ಬ್ಯಾಟರಿ ಸಿಗರೇಟು. ನಮ್ಮ ರಾಜ್ಯದಲ್ಲಿ 2016ರ ಜೂನ್‌ನಲ್ಲೇ ನಿಷೇಧವಾದದ್ದು. 2019ರಿಂದ ಇಡೀ ದೇಶದಲ್ಲೇ ಅದನ್ನು ತಯಾರಿಸುವಂತಿಲ್ಲ, ತರಿಸುವಂತಿಲ್ಲ, ಮಾರುವಂತಿಲ್ಲ, ದಾಸ್ತಾನು ಇಡುವಂತಿಲ್ಲ. ಇಷ್ಟೆಲ್ಲ ‘ಇಲ್ಲ’ಗಳನ್ನು ದಾಟಿಕೊಂಡು ಅದು ಒಬ್ಬ ಕೂಲಿ ಹೆಣ್ಣುಮಗಳ ಮಗನ ಬ್ಯಾಗಿಗೆ ಬಂದು ಸೇರಿದೆ.

ನಾನು ಪ್ರಿಂಟರು. ನನ್ನ ಕಣ್ಣು ಮೊದಲು ಹೋಗುವುದು ಅಕ್ಷರದ ಕಡೆಗೆ. ಹಣ್ಣಿನ ಹೆಸರು ದಪ್ಪಕ್ಷರದಲ್ಲಿ, ಹೊಳೆಯುವ ಬಣ್ಣದಲ್ಲಿ ಇತ್ತು. ನಿಕೋಟಿನ್ ಇದೆ ಎಂಬ ಮಾತು ತಳದಲ್ಲಿ, ನಾಲ್ಕು ಪಾಯಿಂಟಿನಲ್ಲಿ, ಇಂಗ್ಲಿಷಿನಲ್ಲಿ ಇತ್ತು. ಗಿರಾಕಿ ನಾಲ್ಕು ಪಾಯಿಂಟಿನಲ್ಲಿ ಅಚ್ಚು ಹಾಕಿ ಎಂದರೆ ಏನರ್ಥ ಎಂದು ಈ ಕಸುಬಿನಲ್ಲಿರುವವರಿಗೆಲ್ಲ ಗೊತ್ತು. ಜನ ಓದಬಾರದು, ಆದರೆ ‘ಹಾಕಿದ್ದೇವಲ್ಲ’ ಎಂದು ಕೋರ್ಟಿನಲ್ಲಿ ಹೇಳಲು ಬರಬೇಕು!

ಕಂಪನಿಯವನು ಕಳ್ಳ, ಬಿಡಿ. ನನ್ನನ್ನು ಇಂದಿಗೂ ಕೊರೆಯುತ್ತಿರುವುದು ಬೇರೆ. ಇದೇ ಹೆಣ್ಣುಮಗಳು ಕೆಲವು ತಿಂಗಳ ಹಿಂದೆ ಇದೇ ಮೇಜಿನ ಮೇಲೆ, ಇದೇ ವಸ್ತುವಿನ ವಿರುದ್ಧದ ಐದು ಸಾವಿರ ಕರಪತ್ರಗಳನ್ನು ನೂರು ನೂರರಂತೆ ಎಣಿಸಿ ಬಂಡಲ್ ಕಟ್ಟಿದ್ದರು. ಒಂದು ಇಲಾಖೆಯ ಆರ್ಡರು. ಮ್ಯಾಟರ್ ಹೀಗೆ ಶುರುವಾಗುತ್ತಿತ್ತು: ‘ವಿದ್ಯುನ್ಮಾನ ನಿಕೋಟಿನ್ ವಿತರಣಾ ವ್ಯವಸ್ಥೆಗಳ ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಾಣಿಕೆ, ಮಾರಾಟ, ವಿತರಣೆ, ದಾಸ್ತಾನು ಮತ್ತು ಜಾಹೀರಾತನ್ನು ಈ ಮೂಲಕ...’ ಪ್ರೂಫ್ ನೋಡುವಾಗ ನನಗೇ ಉಸಿರು ಕಟ್ಟಿತು. ‘ಸಾರ್, ಇದನ್ನ ಸ್ವಲ್ಪ ಜನರ ಕನ್ನಡಕ್ಕೆ ತರೋಣವಾ?’ ಎಂದು ಫೋನಿನಲ್ಲಿ ಕೇಳಿದೆ. ‘ಮೇಲಿಂದ ಬಂದಿರೋದು ರೀ, ಇದ್ದ ಹಾಗೇ ಹಾಕಿ’ ಎಂಬ ಉತ್ತರ ಬಂತು. ಹಾಕಿದೆ. ಬಿಲ್ಲೂ ಮಾಡಿದೆ, ಹಣವೂ ಬಂತು.

ಆಕೆ ಏಳನೇ ಕ್ಲಾಸು ಓದಿದವರು. ಊಟದ ಹೊತ್ತಿನಲ್ಲಿ ದಿನಪತ್ರಿಕೆಯ ಒಂದಕ್ಷರ ಬಿಡದೆ ಓದುತ್ತಾರೆ. ಐದು ಸಾವಿರ ಸಲ ಕೈಯಲ್ಲಿ ಹಿಡಿದ ಆ ಹಾಳೆಗೂ ಮಗನ ಬ್ಯಾಗಿನ ಆ ಗಿಳಿಹಸಿರು ಕಡ್ಡಿಗೂ ಸಂಬಂಧವಿದೆ ಎಂದು ಅವರಿಗೆ ಹೊಳೆಯಲಿಲ್ಲ. ಹೇಗೆ ಹೊಳೆಯಬೇಕು? ಹಾಳೆಯಲ್ಲಿದ್ದದ್ದು ‘ವಿತರಣಾ ವ್ಯವಸ್ಥೆ’. ಮಗ ಹೇಳಿದ್ದು ‘ಆವಿ’. ಸರ್ಕಾರದ ಕನ್ನಡ ಅರ್ಥವಾಗಲಿಲ್ಲ, ಮಗನ ಕನ್ನಡ ಅರ್ಥವಾಯಿತು. ಅರ್ಥವಾದದ್ದನ್ನು ನಂಬಿದರು.

ಈ ‘ಆವಿ’ ಎಂಬ ಪದ ನಮ್ಮ ಮನೆಗಳಲ್ಲಿ ಎಂಥ ಪದ ಎಂದು ಒಂದು ಗಳಿಗೆ ಯೋಚಿಸಿ. ಇಡ್ಲಿ ಬೇಯುವುದು ಆವಿಯಲ್ಲಿ. ಮಗುವಿಗೆ ಮೂಗು ಕಟ್ಟಿದರೆ ಬಿಸಿನೀರಿಗೆ ಎರಡು ಹನಿ ನೀಲಗಿರಿ ಎಣ್ಣೆ ಬಿಟ್ಟು, ತಲೆ ಮೇಲೆ ಟವಲು ಹೊದಿಸಿ ಆವಿ ಹಿಡಿಸುತ್ತೇವೆ. 2021ರಲ್ಲಿ ಕೊರೋನಾ ಎರಡನೇ ಅಲೆ ಬಂದಾಗ ಓಣಿಗೆ ಓಣಿಯೇ ಆವಿ ತೆಗೆದುಕೊಂಡಿತು. ಇಂಥ ತಾಯಿಯಂಥ ಪದವನ್ನು ಯಾರೋ ಎತ್ತಿ ಈ ಕಡ್ಡಿಗೆ ಅಂಟಿಸಿದ್ದಾರೆ. ಮೂಲ ಇಂಗ್ಲಿಷಿನದು. ಅಲ್ಲಿ ‘ವೇಪರ್’ ಎಂಬುದನ್ನು ಕತ್ತರಿಸಿ ‘ವೇಪ್’ ಮಾಡಿದರು. 2014ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಅದನ್ನೇ ವರ್ಷದ ಪದವೆಂದು ಆರಿಸಿ ಮೆರೆಸಿದರು. ಇಲ್ಲಿ ಅನುವಾದಕ್ಕೆ ಕೂತವರು ನಿಘಂಟು ತೆಗೆದು ‘ಆವಿ’ ಎಂದು ಬರೆದು ಕೈತೊಳೆದುಕೊಂಡರು.

ನಿಜಕ್ಕೂ ಒಳಗೆ ಹೋಗುವುದು ನೀರಿನ ಆವಿಯಲ್ಲ ಸ್ವಾಮಿ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಎಂಬ ದ್ರವಗಳನ್ನು ಬ್ಯಾಟರಿ ಕಾಯಿಸುತ್ತದೆ. ಕಣ್ಣಿಗೆ ಮಂಜಿನಂತೆ ಕಾಣುವ ಅವುಗಳ ಸಣ್ಣ ಸಣ್ಣ ಹನಿಗಳ ಜೊತೆ ನಿಕೋಟಿನ್ನೂ ವಾಸನೆಯ ರಾಸಾಯನಿಕಗಳೂ ಶ್ವಾಸಕೋಶಕ್ಕೆ ಇಳಿಯುತ್ತವೆ. ದೆಹಲಿಯಲ್ಲಿ ಕಾಯ್ದೆ ಬರೆದವರಿಗೆ ಇದು ಚೆನ್ನಾಗಿ ಗೊತ್ತು. 2019ರ ಕಾಯ್ದೆಯ ಇಂಗ್ಲಿಷಿನಲ್ಲಿ ಎಚ್ಚರದಿಂದ ‘ಏರೋಸಾಲ್’ ಎಂದೇ ಬರೆದಿದ್ದಾರೆ. ಆ ಎಚ್ಚರ ನಮ್ಮ ಕರಪತ್ರಕ್ಕೆ ಬರುವಷ್ಟರಲ್ಲಿ ದಾರಿಯಲ್ಲೇ ಎಲ್ಲೋ ಬಿದ್ದುಹೋಯಿತು.

ನಮ್ಮ ಹಿರಿಯರಿಗೆ ಸಮಿತಿ ಇರಲಿಲ್ಲ, ಅನುವಾದ ವಿಭಾಗವೂ ಇರಲಿಲ್ಲ. ಕಡಲಾಚೆಯಿಂದ ತಂಬಾಕಿನ ಗಿಡ ಬಂದಾಗ ಅದನ್ನು ನೋಡಿ ‘ಹೊಗೆಸೊಪ್ಪು’ ಅಂದರು. ಹೆಸರು ಕೇಳಿದರೆ ಸಾಕು, ಅದು ಏನು ಮಾಡುತ್ತದೆ ಎಂದು ಎಳೆ ಮಗುವಿಗೂ ಗೊತ್ತಾಗುತ್ತಿತ್ತು.

ಭಾಷೆಯ ವಿಷಯದಲ್ಲಿ ಸರ್ಕಾರ ಮೈಮರೆತದ್ದು ಇದೇ ಮೊದಲಲ್ಲ. ಸಿಗರೇಟು, ಬೀಡಿ, ಗುಟ್ಕಾ ಎಲ್ಲದಕ್ಕೂ ಅನ್ವಯಿಸುವ 2003ರ ತಂಬಾಕು ಕಾಯ್ದೆಯ 9ನೇ ಕಲಮು ಓದಿ. ಪೊಟ್ಟಣದ ಮೇಲೆ ಯಾವ ಭಾಷೆ ಇದೆಯೋ ಎಚ್ಚರಿಕೆಯೂ ಆ ಭಾಷೆಯಲ್ಲೇ ಇರಬೇಕು ಎನ್ನುತ್ತದೆ ಅದು. ಪೊಟ್ಟಣ ಬರೀ ಇಂಗ್ಲಿಷಾದರೆ ಎಚ್ಚರಿಕೆಯೂ ಇಂಗ್ಲಿಷು! ಅಂದರೆ, ಸಾವಿನ ಸುದ್ದಿಯನ್ನು ಯಾವ ಭಾಷೆಯಲ್ಲಿ ಹೇಳಬೇಕು ಎಂದು ತೀರ್ಮಾನಿಸುವ ಅಧಿಕಾರ ಮಾರುವವನ ಕೈಯಲ್ಲಿದೆ. ಸೇದುವವನು ಚಾಮರಾಜನಗರದವನೋ ಬೀದರಿನವನೋ ಎಂದು ಕಾಯ್ದೆ ಕೇಳುವುದೇ ಇಲ್ಲ. 2016ರಿಂದ ಪೊಟ್ಟಣದ ಶೇಕಡ 85 ಭಾಗ ಎಚ್ಚರಿಕೆಗೆ ಮೀಸಲು. ಅಷ್ಟು ದೊಡ್ಡ ಜಾಗದಲ್ಲಿ ಕನ್ನಡದ ಒಂದು ಸಾಲಿಗೆ ಕಡ್ಡಾಯ ಸ್ಥಾನವಿಲ್ಲ.

ಇನ್ನು ಸರ್ಕಾರ ಬಾಯಿ ಬಿಟ್ಟು ಹೇಳದೆ ಹೇಳುವ ಮಾತು. 2019ರ ಸೆಪ್ಟೆಂಬರ್ 18ರಂದು ನಿರ್ಮಲಾ ಸೀತಾರಾಮನ್ ಅವರು ದೆಹಲಿಯಲ್ಲಿ ಸುಗ್ರೀವಾಜ್ಞೆ ಪ್ರಕಟಿಸಿದರು. ಡಿಸೆಂಬರಿನಲ್ಲಿ ಕಾಯ್ದೆಯಾಯಿತು. ಮಾರುವವನು ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷ, 5 ಲಕ್ಷದವರೆಗೆ. ಇರಲಿ, ನಾನು ನಿಷೇಧ ಬೇಡವೆನ್ನುವವನಲ್ಲ. ಆದರೆ ಅದೇ ಬೀದಿಯ ಪೆಟ್ಟಿಗೆ ಅಂಗಡಿಯಲ್ಲಿ ಸಿಗರೇಟು ನೇತಾಡುತ್ತಿದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಕೇಂದ್ರದ್ದೇ ಆದ ತಂಬಾಕು ಮಂಡಳಿ ಹರಾಜು ನಡೆಸುತ್ತದೆ. ದೇಶದ ಅತಿ ದೊಡ್ಡ ಸಿಗರೇಟು ಕಂಪನಿ ಐ.ಟಿ.ಸಿ.ಯಲ್ಲಿ ನಮ್ಮ ನಿಮ್ಮ ಪಾಲಿಸಿ ದುಡ್ಡಿನ ಎಲ್.ಐ.ಸಿ.ಗೆ ಸುಮಾರು ಶೇಕಡ 15ರಷ್ಟು ಪಾಲಿದೆ. ಇದನ್ನೆಲ್ಲ ನೋಡುವ ಜನಕ್ಕೆ ಕೇಳಿಸುವುದೇನು? ನಮ್ಮ ಮೆಷಿನ್‌ಮನ್ ಬೀಡಿ ಹಚ್ಚಿಕೊಂಡೇ ಹೇಳಿದ: ‘ಅದು ಡೇಂಜರ್ ಬಿಡಿ ಸಾರ್, ಗೌರ್ಮೆಂಟೇ ಬ್ಯಾನ್ ಮಾಡೈತೆ. ನಮ್ದು ಬರೀ ಬೀಡಿ.’ 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 28.6 ಮಂದಿ, ಅಂದರೆ ಸುಮಾರು 26.7 ಕೋಟಿ ಜನ ಹೊಗೆಸೊಪ್ಪನ್ನು ಸೇದುವವರು ಇಲ್ಲವೇ ಅಗಿಯುವವರು. ಅವರಲ್ಲಿ ಎಷ್ಟು ಮಂದಿ ನಮ್ಮ ಮೆಷಿನ್‌ಮನ್ನಿನ ಹಾಗೆ ಸಮಾಧಾನ ಮಾಡಿಕೊಂಡಿದ್ದಾರೋ!

ಪದ ಆರಿಸುವ ಕೆಲಸ ಎಷ್ಟು ದೊಡ್ಡದು ಎಂಬುದಕ್ಕೆ ಹೊರದೇಶಗಳನ್ನು ನೋಡಿ. ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2015ರಲ್ಲಿ ಇದು ಸಿಗರೇಟಿಗಿಂತ ಶೇಕಡ 95ರಷ್ಟು ಕಡಿಮೆ ಹಾನಿಕರ ಎಂದಿತು. ಆ ಲೆಕ್ಕಕ್ಕೆ ವೈದ್ಯರಲ್ಲೇ ತಕರಾರು ಎದ್ದರೂ, ಅಲ್ಲಿನ ಸರ್ಕಾರ 2023ರಲ್ಲಿ ಹತ್ತು ಲಕ್ಷ ಸಿಗರೇಟು ಸೇದುವವರಿಗೆ ಇದನ್ನು ತಾನೇ ಹಂಚಲು ಹೊರಟಿತು. ಮಕ್ಕಳ ಕೈಗೆ ಬಣ್ಣಬಣ್ಣದ ಕಡ್ಡಿ ಬಂದದ್ದು ನೋಡಿ, ಒಮ್ಮೆ ಬಳಸಿ ಎಸೆಯುವ ನಮೂನೆಯನ್ನು 2025ರ ಜೂನ್ 1ರಿಂದ ನಿಷೇಧಿಸಿತು. ಅಮೆರಿಕದಲ್ಲಿ 2018ರಲ್ಲೇ ಸರ್ಕಾರಿ ಅಧಿಕಾರಿಗಳು ಮಕ್ಕಳ ವೇಪಿಂಗನ್ನು ‘ಸಾಂಕ್ರಾಮಿಕ’ ಎಂದು ಕರೆದರು. 2019ರಲ್ಲಿ ಅಲ್ಲಿ ಜನರ ಶ್ವಾಸಕೋಶ ಕೆಟ್ಟು, 2020ರ ಫೆಬ್ರುವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿ 68 ಮಂದಿ ಸತ್ತರು. ಹೆಚ್ಚಿನವರು ಬಳಸಿದ್ದು ಗಾಂಜಾದ ಅಂಶವಿದ್ದ ಸರಕು, ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣ ಎಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಕಾಯಿಲೆಯ ಹೆಸರಿನಲ್ಲೇ ‘ವೇಪಿಂಗ್’ ಸೇರಿಹೋಗಿತ್ತು. ಇಂಗ್ಲೆಂಡಿನವನು ಮದ್ದು ಎಂದು ನಂಬಿದ, ಅಮೆರಿಕದವನು ಮಾರಿ ಎಂದು ನಂಬಿದ.

ನಮಗೆ ಮದ್ದೂ ಬೇಡ, ಮಾರಿಯೂ ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಇದರಲ್ಲಿ ನಿಕೋಟಿನ್ ಇದೆ, ಅದು ಹರೆಯದವರನ್ನು ಬೇಗ ಹಿಡಿಯುತ್ತದೆ, ಹಿಡಿದರೆ ಬಿಡುವುದಿಲ್ಲ. ಬೀಡಿ ಸಿಗರೇಟಿನ ಹೊಗೆ ಇದಕ್ಕಿಂತ ಸಾಧು ಎಂದು ಯಾರೂ ತಿಳಿಯಬಾರದು. ಮತ್ತೊಂದು ಮುಖ್ಯ ಮಾತು, ಸೇದುವವನಿಗೆ ಜೈಲು ಎಂದು 2019ರ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನಾನು ವಿಷಯ ಬಿಡಿಸಿ ಹೇಳಿದಾಗ ಆ ತಾಯಿ ಮೊದಲು ಕೇಳಿದ್ದು ‘ಪೊಲೀಸ್ರು ಹಿಡ್ಕೊಂಡೋಗ್ತಾರಾ ಅಣ್ಣಾ?’ ಎಂದು. ಆ ಹೆದರಿಕೆಗೆ ಎಷ್ಟು ಮನೆಗಳಲ್ಲಿ ವಿಷಯ ಮುಚ್ಚಿಹೋಗಿದೆಯೋ. ತಂಬಾಕು ಬಿಡಿಸಲು 1800-11-2356 ಎಂಬ ಉಚಿತ ಫೋನ್ ನಂಬರಿದೆ. 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಐದು ಸಾವಿರ ಕರಪತ್ರದಲ್ಲಿ ಎಂಟು ಕಲಮುಗಳಿದ್ದವು, ಈ ನಂಬರು ಇರಲಿಲ್ಲ.

ಹೋದ ವಾರ ಕುಳಿತು ಕಾಲು ಹಾಳೆಯಷ್ಟು ನಾನೇ ಬರೆದೆ. ‘ಬ್ಯಾಟರಿ ಸಿಗರೇಟು’ ಎಂದು ತಲೆಬರಹ, ಕೆಳಗೆ ಅದರ ನಾಲ್ಕು ನಮೂನೆಯ ಚಿತ್ರ, ‘ಇದು ಪೆನ್‌ಡ್ರೈವ್ ಅಲ್ಲ, ಆವಿಯೂ ಅಲ್ಲ’ ಎಂಬ ಸಾಲು, ಕೊನೆಯಲ್ಲಿ ಆ ಫೋನ್ ನಂಬರು. ಪ್ರೂಫನ್ನು ಬೈಂಡಿಂಗ್ ಮೇಜಿಗೆ ಕೊಟ್ಟೆ. ಆಕೆ ‘ವ್ಯಸನ’ ಎಂಬ ಪದ ಹೊಡೆದು ‘ಚಟ’ ಎಂದು ಬರೆದುಕೊಟ್ಟರು. ಹಾಗೇ ಅಚ್ಚಾಗಿದೆ, ಎರಡು ಸಾವಿರ ಪ್ರತಿ. ಯಾವ ಇಲಾಖೆಯವರು, ಯಾವ ಕಾಲೇಜಿನವರು ಬಂದು ಒಯ್ದರೂ ಸರಿ, ಕಾಗದದ ಖರ್ಚು ನನ್ನದು.