ಕ್ರ್ಯಾಂಕ್ ಪುಲ್ಲಿಯೂ ಭೌತಶಾಸ್ತ್ರವೂ

ರೋಗ ಯಾವುದೆಂದು ನಿಶ್ಚಯಿಸದೆ ಮದ್ದು ಕೊಡುವ ವೈದ್ಯನ ಬಳಿಗೆ ಯಾರೂ ಎರಡನೆಯ ಸಲ ಹೋಗುವುದಿಲ್ಲ. ಆದರೆ ಮೋಟಾರು ಗಾಡಿಗೆ ಕಾಯಿಲೆ ಬಂದಾಗ ಇಂಥ ಚಿಕಿತ್ಸೆಗೇ ನಾವು ಮರುಮಾತಿಲ್ಲದೆ ಹಣ ತೆರುತ್ತೇವೆ. ಒಂದು ಭಾಗವನ್ನು ಬದಲಾಯಿಸಿ ನೋಡುವುದು, ಗುಣವಾಗದಿದ್ದರೆ ಇನ್ನೊಂದು, ಅದೂ ಅಲ್ಲದಿದ್ದರೆ ಮತ್ತೊಂದು. ಈ ಪದ್ಧತಿ ವಿಜ್ಞಾನಕ್ಕೂ ಜೇಬಿಗೂ ಸಮಾನವಾಗಿ ಅಹಿತಕರವೆಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಕಾರಣವಾದ ಅನುಭವವೊಂದನ್ನು ವಾಚಕರ ಮುಂದಿಡುತ್ತೇವೆ.

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ನಾವು ಆಗಾಗ್ಗೆ ಹೋಗಿಬರುವುದುಂಟು. ಕಳೆದ ವರ್ಷ ನಮ್ಮ ಹಳೆಯ ಡೀಸೆಲ್ ಗಾಡಿಯಲ್ಲಿ ವಿಚಿತ್ರವಾದ ನಡುಕವೊಂದು ಕಾಣಿಸಿಕೊಂಡಿತು. ಎಂಜಿನ್ನಿನ ವೇಗ ಒಂದು ಗೊತ್ತಾದ ಮಟ್ಟವನ್ನು ಮುಟ್ಟಿದಾಗ ಗಾಡಿಯೆಲ್ಲ ಅದುರುವುದು. ವೇಗ ಹೆಚ್ಚಿಸಿದೊಡನೆ ಅದುರಾಟ ಅಡಗುವುದು. ಜೊತೆಗೆ ಬೆಲ್ಟಿನ ಕಡೆಯಿಂದ ಕೀರಲು ಧ್ವನಿ. ಮೊದಲು ಹೋದ ಗ್ಯಾರೇಜಿನಲ್ಲಿ ಬೆಲ್ಟನ್ನು ಬದಲಾಯಿಸಿದರು. ಹದಿನೈದು ದಿನಗಳಲ್ಲಿ ಧ್ವನಿ ಮರಳಿತು. ಆಗ ಎಂಜಿನ್ನನ್ನು ಹೊತ್ತಿರುವ ರಬ್ಬರ್ ಮೌಂಟಿಂಗುಗಳನ್ನು ಬದಲಾಯಿಸಿದರು. ನಡುಕ ಇದ್ದಂತೆಯೇ ಇತ್ತು.

ಕೊನೆಗೆ ಗುಂಡ್ಲುಪೇಟೆಯ ಹಿರಿಯ ಮೇಸ್ತ್ರಿಯೊಬ್ಬರು, ಏನನ್ನೂ ಬಿಚ್ಚದೆ, ಎಂಜಿನ್ನಿನ ಮುಂಭಾಗದಲ್ಲಿರುವ ಕ್ರ್ಯಾಂಕ್ ಪುಲ್ಲಿಯ ಮೇಲೆ ನಡುವಿನಿಂದ ಅಂಚಿನವರೆಗೆ ಬಿಳಿಯ ಬಣ್ಣದಲ್ಲಿ ಒಂದು ಗೆರೆ ಎಳೆದರು. “ಒಣಗಲಿ. ಆಮೇಲೆ ಬೇಗೂರಿನವರೆಗೆ ಹೋಗಿಬನ್ನಿ, ಮೇಷ್ಟ್ರೇ” ಎಂದರು. ಹೋಗಿಬಂದು ನೋಡಿದಾಗ ಗೆರೆ ತುಂಡಾಗಿತ್ತು. ಹೊರಗಿನ ತುಂಡು ಒಳಗಿನದರಿಂದ ಎರಡು ಬೆರಳಿನಷ್ಟು ಆಚೆ ಸರಿದಿತ್ತು. “ಬೆಲ್ಟಿನ ತಪ್ಪಲ್ಲ, ಪುಲ್ಲಿಯೇ ಎರಡಾಗಿದೆ” ಎಂಬುದು ಅವರ ತೀರ್ಪು.

ಈ ಪುಲ್ಲಿ ನೋಟಕ್ಕೆ ಒಂದೇ ತುಂಡಿನಂತಿದ್ದರೂ ಅನೇಕ ಎಂಜಿನ್ನುಗಳಲ್ಲಿ ಅದು ಮೂರು ಅಂಗಗಳ ಜೋಡಣೆ: ಕ್ರ್ಯಾಂಕ್ ದಂಡಕ್ಕೆ ಕೂಡುವ ಗುಂಬ, ಭಾರವಾದ ಹೊರಬಳೆ, ಇವೆರಡರ ನಡುವೆ ರಬ್ಬರಿನ ಪಟ್ಟಿ. ಹಾರ್ಮೋನಿಕ್ ಬ್ಯಾಲೆನ್ಸರ್ ಎಂದು ಇದರ ಹೆಸರು. ನಾಲ್ಕು ಸಿಲಿಂಡರುಗಳ ಸಾಮಾನ್ಯ ಎಂಜಿನ್ನಿನಲ್ಲಿ ದಂಡದ ಪ್ರತಿಯೊಂದು ಸುತ್ತಿಗೂ 2 ಸಲ ಇಂಧನ ಉರಿಯುತ್ತದೆ. ನಿಮಿಷಕ್ಕೆ 1800 ಸುತ್ತುಗಳಾದರೆ ಸೆಕೆಂಡಿಗೆ 60 ಪೆಟ್ಟುಗಳು. ಒಂದೊಂದು ಪೆಟ್ಟಿಗೂ ಉಕ್ಕಿನ ದಂಡ ಕಣ್ಣಿಗೆ ಕಾಣದಷ್ಟು ತಿರುಚಿಕೊಂಡು ಮರಳುತ್ತದೆ. ಈ ತಿರುಚಾಟಕ್ಕೂ ಒಂದು ಸ್ವಾಭಾವಿಕ ಕಂಪನಾಂಕವುಂಟು. ಪೆಟ್ಟುಗಳ ಲಯ ಅದರೊಡನೆ ಹೊಂದಿಕೊಂಡಿತೆಂದರೆ, ಉಯ್ಯಾಲೆಯನ್ನು ಹದವರಿತು ನೂಕಿದಂತೆ, ತಿರುಚು ಬೆಳೆಯುತ್ತ ಹೋಗುತ್ತದೆ. ಇದೇ ಅನುರಣನ. ಹೊರಬಳೆಯಾದರೋ ತನ್ನ ಜಡತ್ವದಿಂದ ಸಮವೇಗದಲ್ಲಿ ತಿರುಗಲು ಹವಣಿಸುತ್ತದೆ. ನಡುವಿನ ರಬ್ಬರು ಎಳೆದಾಡಿಸಿಕೊಂಡು ಕಂಪನದ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಕಾವು, ಎಣ್ಣೆ, ವಯಸ್ಸು ಇವುಗಳಿಂದ ರಬ್ಬರು ಸತ್ವಗೆಟ್ಟಾಗ ಬಳೆ ಜಾರುತ್ತದೆ.

ವ್ಯಾಧಿ ಹಳೆಯದೇ. ಇಂಗ್ಲೆಂಡಿನ ಫ್ರೆಡರಿಕ್ ಲಾಂಚೆಸ್ಟರ್ 1910ರಲ್ಲಿ ತಿರುಚು ಕಂಪನವನ್ನು ಅಡಗಿಸುವ ಸಾಧನವೊಂದಕ್ಕೆ ಪೇಟೆಂಟ್ ಪಡೆದನು. 1929ರ ಮೇ ತಿಂಗಳಲ್ಲಿ ಅಮೆರಿಕಕ್ಕೆ ಹೊರಟ ಗ್ರಾಫ್ ಜೆಪ್ಪೆಲಿನ್ ವಾಯುನೌಕೆಯ 5 ಎಂಜಿನ್ನುಗಳ ಪೈಕಿ 4 ದಾರಿಯಲ್ಲೇ ಕೆಟ್ಟು, ಅದು ಫ್ರಾನ್ಸಿನಲ್ಲಿ ಇಳಿಯಬೇಕಾಯಿತು. ಅದಕ್ಕೂ ಕ್ರ್ಯಾಂಕ್ ದಂಡಗಳ ಇಂಥ ಕಂಪನವೇ ಮೂಲ.

ಹೊಸ ಪುಲ್ಲಿಯ ಬೆಲೆ ಕೇಳಿ ಬೆಚ್ಚಿ, “ಹೊರಬಳೆಯನ್ನು ಬೆಸುಗೆ ಹಾಕಿ ಬಿಗಿದರೆ ಸಾಲದೇ?” ಎಂದು ಕೇಳಿದವರು ಯಾರು? ಹತ್ತು ವರ್ಷಗಳಿಂದ ಅನುರಣನದ ಪಾಠ ಹೇಳುತ್ತಿರುವ ನಾವೇ! ಮೇಸ್ತ್ರಿ ನಕ್ಕು, “ಸದ್ದೇನೋ ನಿಲ್ಲುತ್ತೆ ಮೇಷ್ಟ್ರೇ, ಆಮೇಲೆ ಎಂಜಿನ್ನೂ ನಿಲ್ಲುತ್ತೆ” ಎಂದರು. ಬೆಸೆದ ಬಳೆ ಶಕ್ತಿಯನ್ನು ಹೀರಲಾರದು. ಕಂಪನವೆಲ್ಲ ದಂಡದ ಪಾಲಾಗುತ್ತದೆ. ಲಕ್ಷಣವನ್ನು ಅಡಗಿಸುವುದು ರೋಗವನ್ನು ವಾಸಿಮಾಡಿದಂತಾಗದು.

ನಮ್ಮ ಸೀಮೆಯಲ್ಲಿ ಇದು ಬರಿಯ ಪಾಂಡಿತ್ಯದ ಮಾತಲ್ಲ. ತೆರಕಣಾಂಬಿ, ಗುಂಡ್ಲುಪೇಟೆಗಳ ತರಕಾರಿ ಕೇರಳವನ್ನೂ ಊಟಿಯನ್ನೂ ಸೇರುವುದು ಬಂಡೀಪುರದ ಕಾಡನ್ನು ಹಾಯ್ದು, ಘಟ್ಟದ ದಾರಿಯಲ್ಲಿ. 2009ರಿಂದ ಆ ಕಾಡಿನ ರಸ್ತೆಗಳು ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ಸಂಚಾರಕ್ಕೆ ಮುಚ್ಚಿರುತ್ತವೆ. ಹೊರಬಳೆ ಕಳಚಿದರೆ ಬೆಲ್ಟೂ ಹೋಗುತ್ತದೆ. ಬ್ಯಾಟರಿಗೆ ವಿದ್ಯುತ್ತು ನಿಲ್ಲುತ್ತದೆ. ಹಲವು ಎಂಜಿನ್ನುಗಳಲ್ಲಿ ನೀರಿನ ಪಂಪೂ ನಿಂತು ಎಂಜಿನ್ ಕಾದುಹೋಗುತ್ತದೆ. ಸಂಜೆ ಹೊರಟ ಟೊಮೇಟೊ ಗಾಡಿಗೆ ಈ ಗತಿಯಾದರೆ, ರೈತನ ಮತ್ತು ಗಾಡಿಯವನ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಪರೀಕ್ಷೆ ಮೊದಲು, ಬದಲಾವಣೆ ಆಮೇಲೆ. ಎಂಜಿನ್ ನಿಲ್ಲಿಸಿ ದೀಪ ಹಿಡಿದು ನೋಡಿದರೆ ರಬ್ಬರಿನ ಬಿರುಕು, ಉಬ್ಬು ಕಾಣುತ್ತವೆ. ಓಡುವಾಗ ದೂರ ನಿಂತು ನೋಡಿದರೆ ಬಳೆಯ ಓಲಾಟ ತಿಳಿಯುತ್ತದೆ. ಸಂದೇಹವಿದ್ದರೆ ಬಣ್ಣದ ಗೆರೆಯುಂಟು. ದೊಡ್ಡ ಲಾರಿಗಳಲ್ಲಿ ರಬ್ಬರಿಗೆ ಬದಲಾಗಿ ಮುಚ್ಚಿದ ಡಬ್ಬಿಯೊಳಗೆ ಗಟ್ಟಿಯಾದ ಸಿಲಿಕೋನ್ ದ್ರವವಿರುವುದುಂಟು; ಅಲ್ಲಿ ಗೆರೆಯಿಂದ ಪ್ರಯೋಜನವಿಲ್ಲ, ಸೋರಿಕೆ ಮತ್ತು ತಗ್ಗುಗಳನ್ನು ಹುಡುಕಬೇಕು. ಕಳಚುವಾಗ ಪುಲ್ಲರನ್ನು ಗುಂಬಕ್ಕೆ ಕೊಡಬೇಕೇ ಹೊರತು ಹೊರಬಳೆಗಲ್ಲ. ಹೊಸದನ್ನು ಸುತ್ತಿಗೆಯಿಂದ ಬಡಿದು ಕೂಡಿಸಬಾರದು. ಆ ಪೆಟ್ಟು ಒಳಗಿನ ಬೇರಿಂಗುಗಳಿಗೆ ತಗಲುತ್ತದೆ. ಎಣ್ಣೆಯ ಸೀಲನ್ನು ಆಗಲೇ ನೋಡಿ, ಬೋಲ್ಟನ್ನು ತಯಾರಕರು ಹೇಳಿದ ಅಳತೆಗೆ ಬಿಗಿಯಬೇಕು.

ಶ್ರುತಿಕವೆಯನ್ನು ಮೀಟಿ ಅನುರಣನವನ್ನು ಕಲಿಸುವ ನಾವು ನಮ್ಮ ವಿದ್ಯಾರ್ಥಿಗಳನ್ನು ಒಂದು ಮಧ್ಯಾಹ್ನ ಗ್ಯಾರೇಜಿಗೂ ಕರೆದೊಯ್ಯಬೇಕೆಂದು ನಮಗೆ ತೋರುತ್ತದೆ. ಊಹೆ ಮಾಡಿ, ಅಳೆದು, ಆಮೇಲೆ ತೀರ್ಮಾನಿಸುವುದನ್ನು ವಿಜ್ಞಾನವೆನ್ನುತ್ತೇವೆ. ಮೇಸ್ತ್ರಿಯ ಬಣ್ಣದ ಗೆರೆ ಅದನ್ನೇ ಮಾಡಿತು. ಅದಕ್ಕೆ ತಗುಲಿದ ಖರ್ಚು ನಾಲ್ಕು ಹನಿ ಬಣ್ಣ. ನಮ್ಮ ಪ್ರಯೋಗಶಾಲೆಯಲ್ಲಿ ಅಷ್ಟು ಅಗ್ಗದ, ಅಷ್ಟು ನಿಖರವಾದ ಉಪಕರಣ ಇನ್ನೊಂದಿಲ್ಲ.