ಗರಗಸಕ್ಕೂ ಉಸಿರುಂಟು

ಯಂತ್ರದ ಆಹಾರವೆಂದರೆ ಎಣ್ಣೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪೆಟ್ರೋಲಿನ ಬೆಲೆಯನ್ನು ಎಲ್ಲರೂ ಬಲ್ಲರು. ಅದನ್ನು ಅಳೆದು ಹಾಕುವರು, ಒಂದು ತೊಟ್ಟೂ ಚೆಲ್ಲದಂತೆ ನೋಡಿಕೊಳ್ಳುವರು. ಆ ಎಣ್ಣೆ ಉರಿಯುವುದಕ್ಕೆ ಬೇಕಾದ ಗಾಳಿಯನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಅದು ಬಿಟ್ಟಿಯಾಗಿ ಬರುವ ವಸ್ತು. ಬಿಟ್ಟಿಯಾಗಿ ಬಂದುದಕ್ಕೆ ಬೆಲೆಯಿಲ್ಲವೆಂಬುದು ಲೋಕದ ರೂಢಿ. ಈ ರೂಢಿಯ ಫಲವಾಗಿ ಸಕಲೇಶಪುರ ಮತ್ತು ಆಲೂರು ಸೀಮೆಯ ತೋಟಗಳಲ್ಲಿ ಸರಪಳಿ ಗರಗಸಗಳು ಆಯುಸ್ಸು ತೀರುವ ಮುನ್ನವೇ ಮೂಲೆ ಸೇರುತ್ತವೆ. ಇದಕ್ಕೆ ಮದ್ದು ಅಂಗಡಿಯಲ್ಲಿಲ್ಲ, ಕೆಲಸದ ಏರ್ಪಾಟಿನಲ್ಲಿದೆ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಹೇಮಾವತಿಯ ಎರಡು ಕಡೆಗೂ ಹಬ್ಬಿದ ಈ ಬೆಟ್ಟಗಳಲ್ಲಿ ಕಾಫಿಯು ನೆರಳಿನಲ್ಲಿ ಬೆಳೆಯುವ ಬೆಳೆ. ಹಲಸು, ಅತ್ತಿ, ಮತ್ತಿ, ಬೀಟೆ, ಹಾಲುವಾಣ ಮುಂತಾದ ಮರಗಳ ಜೊತೆಗೆ ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರವೂ ಇಲ್ಲಿ ಮನೆಮಾಡಿಕೊಂಡಿದೆ. ಮಳೆಗಾಲಕ್ಕೆ ಮೊದಲು ಕೊಂಬೆಗಳನ್ನು ಸವರಿ ಗಿಡಗಳಿಗೆ ಬೆಳಕನ್ನು ಇಳಿಸುವ ಕೆಲಸಕ್ಕೆ ಮರಗಸಿ ಎಂದು ಹೆಸರು. ಹಿಂದೆ ಕತ್ತಿ ಕೊಡಲಿಗಳಿಂದಲೇ ನಡೆಯುತ್ತಿದ್ದ ಈ ಕೆಲಸದ ಭಾರವಾದ ಭಾಗವನ್ನು ಇಂದು ಯಂತ್ರಗರಗಸ ವಹಿಸಿಕೊಂಡಿದೆ. ಬಿದ್ದ ಮರವನ್ನು ತುಂಡರಿಸುವುದಕ್ಕೂ, ಮಾರಾಟದ ಮರವನ್ನು ಉರುಳಿಸುವುದಕ್ಕೂ, ಗಾಳಿಮಳೆಯಲ್ಲಿ ದಾರಿಗೆ ಅಡ್ಡವಾದ ಕಾಂಡವನ್ನು ತೆಗೆಯುವುದಕ್ಕೂ ಅದೇ ಬೇಕು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬಾತನು ೧೯೨೬ರಲ್ಲಿ ವಿದ್ಯುತ್ತಿನ ಸರಪಳಿ ಗರಗಸವನ್ನೂ ೧೯೨೯ರಲ್ಲಿ ಪೆಟ್ರೋಲಿನದನ್ನೂ ರಚಿಸಿದಾಗ ಅವನ್ನು ಹಿಡಿಯಲು ಇಬ್ಬರು ಬೇಕಾಗುತ್ತಿದ್ದರು. ಈಗ ಅದು ಒಬ್ಬನ ಕೈಗೆ ಬಂದಿದೆ. ಎರಡು ಮೂರು ಎಕರೆಯ ಬೆಳೆಗಾರನ ಮನೆಗೂ ಬಂದಿದೆ.

ಈಗ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಒಂದು ಕಿಲೋಗ್ರಾಮು ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು ೧೪.೭ ಕಿಲೋಗ್ರಾಮು ಗಾಳಿ ಬೇಕು. ಒಂದು ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿನಷ್ಟು. ಆದಕಾರಣ ಅದಕ್ಕೆ ಸುಮಾರು ೧೧ ಕಿಲೋಗ್ರಾಮು ಗಾಳಿ ಅವಶ್ಯ. ಸಮುದ್ರಮಟ್ಟಕ್ಕಿಂತ ೯೦೦ ಮೀಟರು ಮೇಲಿರುವ ನಮ್ಮ ಬೆಟ್ಟಗಳಲ್ಲಿ ಗಾಳಿ ಕರಾವಳಿಗಿಂತ ನೂರಕ್ಕೆ ಸುಮಾರು ಹತ್ತರಷ್ಟು ತೆಳು. ಇಲ್ಲಿ ೧೧ ಕಿಲೋಗ್ರಾಮು ಗಾಳಿ ಎಂದರೆ ಹತ್ತು ಘನಮೀಟರು, ಅಂದರೆ ಹತ್ತು ಸಾವಿರ ಲೀಟರು! ದಿನಕ್ಕೆ ಐದು ಲೀಟರು ಪೆಟ್ರೋಲು ಕುಡಿಯುವ ಗರಗಸ ಐವತ್ತು ಘನಮೀಟರು ಗಾಳಿಯನ್ನು ಒಳಗೆಳೆಯುವುದು; ನಾಲ್ಕು ಮೀಟರು ಉದ್ದಗಲ, ಮೂರು ಮೀಟರು ಎತ್ತರದ ಒಂದು ಕೋಣೆಯ ಗಾಳಿಗಿಂತ ಅದು ಹೆಚ್ಚು. ಮರ ಕೊಯ್ಯುವ ಜಾಗದ ಗಾಳಿಯಲ್ಲಿ ಘನಮೀಟರಿಗೆ ನೂರು ಮಿಲಿಗ್ರಾಮು ಧೂಳಿದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಒಂದು ದಿನದಲ್ಲಿ ಐದು ಗ್ರಾಮು ಧೂಳು ಯಂತ್ರದ ಮೂಗಿನ ಬಳಿಗೆ ಬಂದಂತಾಯಿತು. ಅಷ್ಟನ್ನೂ ತಡೆಯಬೇಕಾದುದು ಅಂಗೈಯಗಲದ ಒಂದು ಗಾಳಿಶೋಧಕ, ಅಂಗಡಿಯ ಭಾಷೆಯಲ್ಲಿ ಏರ್ ಫಿಲ್ಟರು.

ಕಾರಿಗೂ ಇಂಥ ಶೋಧಕವಿದೆ. ಆದರೆ ಗರಗಸದ ಪಾಡು ಬೇರೆ. ಕಾರು ಧೂಳನ್ನು ದಾಟಿ ಮುಂದೆ ಹೋಗುವುದು; ಗರಗಸ ತಾನೇ ಧೂಳನ್ನೆಬ್ಬಿಸಿ ಅದರ ನಡುವೆ ನಿಲ್ಲುವುದು. ಅದೂ ಅಲ್ಲದೆ ಗರಗಸದಲ್ಲಿರುವುದು ಸಾಮಾನ್ಯವಾಗಿ ಟೂ-ಸ್ಟ್ರೋಕ್ ಯಂತ್ರ. ಇದರಲ್ಲಿ ಗಾಳಿಯೂ ಪೆಟ್ರೋಲೂ ಬೆರೆತ ಮಿಶ್ರಣವು ನೇರವಾಗಿ ಸಿಲಿಂಡರಿಗೆ ಹೋಗದೆ, ಮೊದಲು ಕ್ರ್ಯಾಂಕ್ ತಿರುಗುವ ಗೂಡನ್ನು ಹೊಕ್ಕು ಅಲ್ಲಿಂದ ಮೇಲಕ್ಕೇರುವುದು. ಪೆಟ್ರೋಲಿನಲ್ಲಿ ಬೆರೆಸಿದ ಕೀಲೆಣ್ಣೆ ದಾರಿಯಲ್ಲಿ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ನೆನೆಸುತ್ತ ಹೋಗುವುದು. ಶೋಧಕವನ್ನು ದಾಟಿ ಬಂದ ಧೂಳು ಈ ಎಣ್ಣೆಯೊಡನೆ ಕಲೆತರೆ ಆಗುವುದೇನು? ಲೋಹವನ್ನು ಉಜ್ಜಿ ನುಣುಪು ಮಾಡುವ ಅರೆಪುಡಿಯ ಮುದ್ದೆಯೇ ಆಗುವುದು. ಮರದ ಹಿಟ್ಟು ಮೆದು. ಅದರಿಂದ ಅಷ್ಟು ಭಯವಿಲ್ಲ. ಆದರೆ ತೊಗಟೆಗೆ ಅಂಟಿದ ಮಣ್ಣು, ಬುಡಕ್ಕೆ ಮಳೆ ಚಿಮ್ಮಿಸಿದ ಕೆಸರು, ರಸ್ತೆಯಿಂದ ಹಾರಿಬಂದ ಧೂಳು, ಇವುಗಳಲ್ಲಿ ಬೆಣಚುಕಲ್ಲಿನ ಕಣಗಳಿರುವುವು. ಬೆಣಚುಕಲ್ಲು ಸಾಧಾರಣ ಉಕ್ಕಿಗಿಂತ ಕಠಿಣ. ಪಿಸ್ಟನ್ನಿನ ಅಲ್ಯೂಮಿನಿಯಮ್ಮಿನ ಮಾತನ್ನು ಹೇಳಬೇಕಾಗಿಯೇ ಇಲ್ಲ.

ಶೋಧಕ ಹರಿದಿದ್ದರೆ ಅಥವಾ ಅಂಚಿನಲ್ಲಿ ಸರಿಯಾಗಿ ಕೂರದಿದ್ದರೆ ಕೇಡು ಹೀಗೆ ಮೆಲ್ಲಗೆ ಬರುವುದು. ಕಟ್ಟಿಕೊಂಡಿದ್ದರೆ ಕೇಡಿನ ದಾರಿ ಬೇರೆ, ಮತ್ತು ಅದು ಹೆಚ್ಚು ಮೋಸದ್ದು. ಗಾಳಿ ಕಡಮೆಯಾದಾಗ ಸಾಮಾನ್ಯ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ಗಾಢವಾಗುವುದು. ಹೊಗೆ ಹೆಚ್ಚುವುದು, ಕಿಡಿಗೂಟಕ್ಕೆ ಮಸಿ ಹಿಡಿಯುವುದು, ಗರಗಸ ಬಲಗುಂದುವುದು. ಆಗ ಕೆಲಸಗಾರನು ಕಾರ್ಬ್ಯುರೇಟರಿನ ತಿರುಪನ್ನು ಕೊಂಚ ಒಳಕ್ಕೆ ತಿರುಗಿಸುವನು. ಪೆಟ್ರೋಲು ಕಡಮೆಯಾಗಿ ಯಂತ್ರ ಮತ್ತೆ ಸರಾಗವಾಗಿ ಓಡುವುದು. ರೋಗ ವಾಸಿಯಾಯಿತೆಂದು ಎಲ್ಲರಿಗೂ ಸಮಾಧಾನ. ಕೆಲವು ದಿನಗಳ ಮೇಲೆ ಯಾರೋ ಪುಣ್ಯಾತ್ಮರು ಶೋಧಕವನ್ನು ತೊಳೆಯುವರು. ಗಾಳಿ ಧಾರಾಳವಾಗಿ ನುಗ್ಗುವುದು. ಪೆಟ್ರೋಲು ಮಾತ್ರ ಹಿಂದಿನ ಕಡಮೆ ಪ್ರಮಾಣದಲ್ಲೇ ಬರುವುದು. ಮಿಶ್ರಣ ತೆಳುವಾಗಿ ಶಾಖ ಏರುವುದು. ಪೆಟ್ರೋಲಿನೊಡನೆ ಬರಬೇಕಾದ ಕೀಲೆಣ್ಣೆಯೂ ಕಡಮೆಯಾಗಿರುವುದರಿಂದ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುವುದು. ತೊಳೆದ ಮರುದಿನವೇ ಗರಗಸ ಸತ್ತಿತೆಂದು ತೊಳೆದವನ ಮೇಲೆ ಅಪವಾದ ಬರುವುದು! ಮಂಗಳೂರಿನಲ್ಲಿ ಹೊಂದಿಸಿದ ಗರಗಸವನ್ನು ಶಿರಾಡಿ ಘಾಟಿ ಹತ್ತಿಸಿ ತಂದಾಗ ತೆಳುಗಾಳಿಗೆ ತಕ್ಕಂತೆ ತಿರುಪನ್ನು ಸರಿಪಡಿಸುವುದು ನ್ಯಾಯ. ಕೊಳೆಯನ್ನು ಮರೆಮಾಚಲು ತಿರುಪನ್ನು ತಿರುಗಿಸುವುದು ರೋಗವನ್ನು ಮುಚ್ಚಿಡುವುದಕ್ಕೆ ಸಮಾನ. ಈ ಹೊಂದಾಣಿಕೆಯನ್ನು ತಾವೇ ಮಾಡಿಕೊಳ್ಳುವ ಗರಗಸಗಳೂ ಈಗ ಬಂದಿವೆ. ಆದರೆ ಕಟ್ಟಿದ ಮೂಗನ್ನು ಅವೂ ತೆರೆಯಲಾರವು.

ಹಾಗಾದರೆ ಜಾಲರಿಯ ಕಣ್ಣನ್ನು ಇನ್ನೂ ಸಣ್ಣದು ಮಾಡಿದರೆ ಸಾಲದೆ ಎಂದು ಓದುಗರು ಕೇಳಬಹುದು. ಶೋಧಕವು ಹಿಟ್ಟಿನ ಜರಡಿಯಂತೆ ಮಾತ್ರ ಕೆಲಸ ಮಾಡುವುದಾಗಿದ್ದರೆ ಈ ಮಾತು ಸರಿ. ನಿಜವಾಗಿ ಅದರಲ್ಲಿ ಹಲವು ಉಪಾಯಗಳು ಒಟ್ಟಿಗೆ ನಡೆಯುತ್ತವೆ. ಗಾಳಿ ಎಳೆಗಳ ನಡುವೆ ಬಳುಕಿ ಹೋಗುವಾಗ ಭಾರವಾದ ಕಣ ಜಡತ್ವದಿಂದ ನೇರವಾಗಿ ಮುನ್ನುಗ್ಗಿ ಎಳೆಗೆ ಬಡಿದು ಅಂಟುವುದು. ಅತಿ ಸಣ್ಣ ಕಣ ಗಾಳಿಯ ಅಣುಗಳ ತಾಡನಕ್ಕೆ ಸಿಕ್ಕಿ ಅತ್ತಿತ್ತ ಅಲೆಯುತ್ತ ಕೊನೆಗೆ ಎಳೆಯನ್ನು ಮುಟ್ಟುವುದು. ೧೯೦೫ರಲ್ಲಿ ಐನ್‌ಸ್ಟೀನರು ಗಣಿತದಿಂದ ವಿವರಿಸಿದ ಬ್ರೌನಿಯನ್ ಚಲನೆಯೇ ಇದು. ಈ ಎರಡಕ್ಕೂ ಜಗ್ಗದೆ ಸುಲಭವಾಗಿ ನುಸುಳುವುದು ನಡುವಿನ ಗಾತ್ರದ ಕಣ, ಸುಮಾರು ೦.೩ ಮೈಕ್ರಾನಿನದು. ಯಂತ್ರಕ್ಕೆ ಹೆಚ್ಚು ಅಪಾಯಕಾರಿಯಾದುದು ಅದಕ್ಕಿಂತ ದೊಡ್ಡದಾದ, ಎಣ್ಣೆಯ ಪದರದ ದಪ್ಪಕ್ಕೆ ಸಮನಾದ ಕೆಲವು ಮೈಕ್ರಾನುಗಳ ಕಣ. ಅದನ್ನು ಹಿಡಿಯುವಷ್ಟು ನಯವಾದ ಶೋಧಕ ಬೇಗ ಕಟ್ಟಿಕೊಳ್ಳುವುದೂ ಸಹಜ. ನಯವೆಂಬುದನ್ನು ಹಣ ಕೊಟ್ಟು ಕೊಂಡಷ್ಟೂ ಶುಚಿಗೊಳಿಸುವ ಶ್ರಮ ಹೆಚ್ಚುವುದೇ ಹೊರತು ತಪ್ಪುವುದಿಲ್ಲ.

ನಮ್ಮ ಸೀಮೆಯ ಹವೆ ಈ ಕಷ್ಟವನ್ನು ಇಮ್ಮಡಿಸಿದೆ. ಮಾರ್ಚಿ ಏಪ್ರಿಲಿನ ಬಿಸಿಲಿನಲ್ಲಿ ಒಣಮಣ್ಣಿನ ನಯವಾದ ಧೂಳು. ಅದಕ್ಕೆ ಒತ್ತಾದ ಬಟ್ಟೆಯ ಇಲ್ಲವೆ ಕಾಗದದ ಶೋಧಕ ಒಳ್ಳೆಯದು. ಜೂನಿನಿಂದ ಮುಂದೆ ಮಂಜು, ಜಡಿಮಳೆ, ಒದ್ದೆ ಮರ. ಆಗ ಒದ್ದೆ ಹಿಟ್ಟು ಕಣಕದಂತೆ ಮೆತ್ತಿಕೊಳ್ಳುವುದು, ಕಾಗದ ನೆನೆದು ಉಸಿರುಗಟ್ಟುವುದು. ಅಂಥ ಕಾಲಕ್ಕೆ ತೊಳೆಯಬಲ್ಲ ನೈಲಾನ್ ಜಾಲರಿ ಮೇಲು. ಮಳೆಗಾಲದಲ್ಲಿ ಕೊಡೆ, ಬೇಸಗೆಯಲ್ಲಿ ಟೋಪಿ ಎಂದು ನಮಗೆ ನಾವೇ ಬದಲಾಯಿಸಿಕೊಳ್ಳುವ ವಿವೇಕವನ್ನು ಗರಗಸಕ್ಕೂ ಸಲ್ಲಿಸಬೇಕಷ್ಟೆ.

ಶೋಧಕಕ್ಕೂ ಮೊದಲು ಎರಡು ಕಾವಲುಗಳುಂಟು. ಒಂದನ್ನು ತಯಾರಕರು ಕೊಟ್ಟಿದ್ದಾರೆ. ಒಳ್ಳೆಯ ಗರಗಸಗಳಲ್ಲಿ ಯಂತ್ರವನ್ನು ತಂಪುಮಾಡುವ ಬೀಸುಚಕ್ರವೇ ಗಾಳಿಯನ್ನು ಗಿರ್ರನೆ ತಿರುಗಿಸುವುದು. ಮೊಸರಿನ ಕಡೆಗೋಲು ತಿರುಗಿದಾಗ ಮಜ್ಜಿಗೆ ಹೊರಗೆ ಚಿಮ್ಮುವಂತೆ ಭಾರವಾದ ಕಣಗಳು ಹೊರಕ್ಕೆ ಸಿಡಿಯುವುವು. ಒಳಬದಿಯ ಹಗುರವಾದ ಗಾಳಿಯನ್ನು ಮಾತ್ರ ಶೋಧಕಕ್ಕೆ ಕಳುಹಿಸುವರು. ಎರಡನೆಯ ಕಾವಲು ಕೆಲಸಗಾರನ ಕೈಯಲ್ಲೇ ಇದೆ. ಅದು ಸರಪಳಿಯ ಹರಿತ. ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರಕಡಿಯುವವನು ೧೯೪೬ರಲ್ಲಿ, ಮರವನ್ನು ಎಡಕ್ಕೂ ಬಲಕ್ಕೂ ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಗಮನಿಸಿ ಅದರ ದವಡೆಗಳ ಮಾದರಿಯಲ್ಲಿ ಹಲ್ಲುಗಳನ್ನು ರಚಿಸಿದನು. ಇಂದಿನ ಸರಪಳಿಗಳು ಅದರ ಸಂತತಿ. ಹರಿತವಾದ ಹಲ್ಲು ಮರವನ್ನು ಚಕ್ಕೆಚಕ್ಕೆಯಾಗಿ ಎಬ್ಬುವುದು. ಮೊಂಡಾದ ಹಲ್ಲು ಉಜ್ಜಿ ಹಿಟ್ಟು ಮಾಡುವುದು. ಚಕ್ಕೆ ನೆಲಕ್ಕೆ ಬೀಳುವುದು, ಹಿಟ್ಟು ಗಾಳಿಗೇರುವುದು. ಗರಗಸದ ಕೆಳಗೆ ಬಿದ್ದಿರುವುದು ಚಕ್ಕೆಯೋ ಹಿಟ್ಟೋ ಎಂದು ನೋಡಿದರೆ ಸಾಕು, ಶೋಧಕದ ಸ್ಥಿತಿಯನ್ನು ಮುಚ್ಚಳ ತೆಗೆಯದೆಯೇ ಊಹಿಸಬಹುದು.

ಇಷ್ಟೆಲ್ಲ ಸಂಗತಿಗಳು ಕೆಲಸಗಾರರಿಗೆ ತಿಳಿಯದೆಂದು ನಾನು ನಂಬಲಾರೆ. ಭೌತಶಾಸ್ತ್ರದ ಪಾರಿಭಾಷಿಕ ಶಬ್ದಗಳು ಅವರಿಗೆ ಬಾರದಿರಬಹುದು. ಯಂತ್ರ ಉಸಿರುಗಟ್ಟಿದೆಯೆಂಬುದನ್ನು ಅದರ ದನಿಯಿಂದಲೇ ಅರಿಯುವ ಕಿವಿ ಅವರಿಗಿದೆ. ಹೀಗಿರುವಲ್ಲಿ ಶೋಧಕ ಏಕೆ ಕೊಳೆಯಾಗಿಯೇ ಉಳಿಯುವುದು? ಗುತ್ತಿಗೆಯಲ್ಲಿ ಮರಕ್ಕಿಷ್ಟು ಎಂದು ಕೂಲಿ ಗೊತ್ತಾಗಿರುವಾಗ ಶುಚಿಗೊಳಿಸುವ ಇಪ್ಪತ್ತು ನಿಮಿಷ ಕೆಲಸಗಾರನ ಜೇಬಿನಿಂದ ಹೋಗುವುದು. ಸಿಲಿಂಡರು ಸವೆದರೆ ನಷ್ಟ ಯಜಮಾನನದು. ದಿನಗೂಲಿಯಲ್ಲಿಯೂ ಗರಗಸ ಸುಮ್ಮನಿರುವ ಹೊತ್ತನ್ನು ಸೋಮಾರಿತನವೆಂದು ಎಣಿಸುವವರುಂಟು. ಯಂತ್ರವನ್ನು ಬಾಡಿಗೆಗೆ ತಂದಿದ್ದರಂತೂ ಅದರ ನಾಳೆಯ ಚಿಂತೆ ಯಾರಿಗೂ ಇಲ್ಲ. ಶ್ರಮ ಒಬ್ಬನದು, ಲಾಭ ಇನ್ನೊಬ್ಬನದು ಆದಲ್ಲಿ ಯಾವ ಉಪದೇಶವೂ ನಾಟದು.

ಶೋಧಕ ಅಗ್ಗದ ವಸ್ತು, ಕೆಟ್ಟರೆ ಹೊಸದನ್ನು ಹಾಕಿದರಾಯಿತು ಎಂಬ ವಾದವುಂಟು. ಶೋಧಕವೇನೋ ಅಗ್ಗ, ಅದರ ಹಿಂದೆ ಕುಳಿತಿರುವ ಪಿಸ್ಟನ್ನು, ಸಿಲಿಂಡರು, ಬೇರಿಂಗುಗಳು ಅಗ್ಗವಲ್ಲ. ಅಲ್ಲದೆ ಮಳೆಗಾಲದ ರಾತ್ರಿ ಮರ ಬಿದ್ದು ದಾರಿ ಮುಚ್ಚಿ, ರೋಗಿಯೊಬ್ಬರನ್ನು ಪೇಟೆಗೆ ಸಾಗಿಸಬೇಕಾದಾಗ ಹೂಡದ ಗರಗಸದ ಬೆಲೆಯನ್ನು ಯಾವ ರೂಪಾಯಿಯಿಂದ ಕಟ್ಟುವುದು?

ಆದುದರಿಂದ ನನ್ನ ಸಲಹೆ ಇಷ್ಟೇ. ಗರಗಸ ಕೊಳ್ಳುವವರು ಅದರೊಡನೆ ಇನ್ನೊಂದು ಶೋಧಕವನ್ನೂ, ದಿನಕ್ಕೆ ಇಪ್ಪತ್ತು ನಿಮಿಷವನ್ನೂ ಕೊಳ್ಳಬೇಕು. ಆ ನಿಮಿಷಗಳನ್ನು ಕೂಲಿಯೊಳಗೆ ಸೇರಿಸಬೇಕು. ಗುತ್ತಿಗೆಯ ಮಾತುಕತೆಯಲ್ಲಿ ಪೆಟ್ರೋಲು, ಕೀಲೆಣ್ಣೆಗಳಂತೆ ಅದನ್ನೂ ಎಣಿಸಬೇಕು. ಮಾಡತಕ್ಕ ಕೆಲಸ ಕಠಿಣವಲ್ಲ. ಕೊಳೆ ಒಳಕ್ಕೆ ಬೀಳದಂತೆ ಮೊದಲು ಚೋಕನ್ನು ಮುಚ್ಚಿ, ಮುಚ್ಚಳದ ಸುತ್ತ ಕುಂಚದಿಂದ ಒರಸಿ, ಶೋಧಕವನ್ನು ತೆಗೆಯಬೇಕು. ನೈಲಾನಿನದಾದರೆ ಉಗುರುಬೆಚ್ಚಗಿನ ಸಾಬೂನುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಕಾಗದದ್ದನ್ನು ತೊಳೆಯದೆ ಮೆಲ್ಲನೆ ತಟ್ಟಬೇಕು. ಗಾಳಿ ಊದುವುದಾದರೆ ಒಳಗಿನಿಂದ ಹೊರಕ್ಕೆ, ಮೃದುವಾಗಿ. ಹೊರಗಿನಿಂದ ಊದಿದರೆ ಕೊಳೆಯನ್ನು ನಾವೇ ಒಳಕ್ಕೆ ನೂಕಿದಂತೆ. ಬೆಳಕಿಗೆ ಹಿಡಿದು ತೂತಿದೆಯೇ ಎಂದು ನೋಡಬೇಕು. ಶೋಧಕದ ಒಳಬದಿಯಲ್ಲಿ ಕಂದು ಧೂಳಿನ ಗೆರೆ ಕಂಡರೆ ಅಂಚು ಸೋರುತ್ತಿದೆಯೆಂದು ತಿಳಿಯತಕ್ಕದ್ದು. ತಿರುಪಿನ ಹೊಂದಾಣಿಕೆ ಶುಚಿಯಾದ ಶೋಧಕದೊಡನೆ ಮಾತ್ರ.

ಇದನ್ನು ಕೈಯಿಂದ ಮಾಡಿಸಿ ಕಲಿಸುವ ತಾಣಗಳು ನಮ್ಮಲ್ಲಿಲ್ಲದೆ ಇಲ್ಲ. ೧೯೨೫ರಿಂದ ಬಾಳೆಹೊನ್ನೂರಿನಲ್ಲಿ ಕಾಫಿಯ ಸಂಶೋಧನೆ ನಡೆದುಬಂದಿದೆ. ಕಾಫಿ ಮಂಡಲಿಯ ವಿಸ್ತರಣಾ ಕಾರ್ಯ ತೋಟತೋಟಗಳನ್ನು ಮುಟ್ಟುವುದು. ಹಾಸನದ ಬಳಿಯ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಗಿಡದ ರೋಗಕ್ಕೆ ಸಲ್ಲುವ ಗಮನದಲ್ಲಿ ಒಂದಂಶ ಗಿಡದ ಬಳಿ ದುಡಿಯುವ ಯಂತ್ರಕ್ಕೂ ಸಲ್ಲಲಿ. ಮರಗಸಿಯ ಕಾಲಕ್ಕೆ ಮುನ್ನ ಹೋಬಳಿಗೊಂದು ದಿನದ ಶಿಬಿರ ನಡೆದರೂ ಬಹಳವಾಯಿತು. ಅದಕ್ಕೆ ಯಜಮಾನರೂ ಬರಬೇಕು. ಏಕೆಂದರೆ ಆ ಇಪ್ಪತ್ತು ನಿಮಿಷವನ್ನು ಕೊಡಬೇಕಾದವರು ಅವರು.

ಕೊನೆಯದಾಗಿ ಇನ್ನೊಂದು ಮೂಗಿನ ವಿಚಾರ. ಅರುವತ್ತು ಘನ ಸೆಂಟಿಮೀಟರಿನ ಗರಗಸ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವಾಗ, ಪ್ರತಿ ಸುತ್ತಿಗೂ ಅರ್ಧ ತುಂಬಿದರೂ, ಮುನ್ನೂರು ಲೀಟರು ಗಾಳಿಯನ್ನು ಸೇದುವುದು. ಅದನ್ನು ಹಿಡಿದು ಬೆವರಿಳಿಸುವ ಮನುಷ್ಯನೂ ಅದೇ ಧೂಳಿನಿಂದ ನಿಮಿಷಕ್ಕೆ ನಲವತ್ತು ಐವತ್ತು ಲೀಟರು ಸೇದುವನು. ಯಂತ್ರದ ಮೂಗಿಗೆ ಶೋಧಕವುಂಟು. ಅವನ ಮೂಗಿಗೆ ಹೆಚ್ಚೆಂದರೆ ಹೆಗಲ ಮೇಲಿನ ಟವಲು. ಮರದ ಧೂಳು ಮನುಷ್ಯನಲ್ಲಿ ಅರ್ಬುದ ರೋಗವನ್ನು ಉಂಟುಮಾಡಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ೧೯೯೫ರಲ್ಲಿಯೇ ಸಾರಿದೆ. ೨೦೨೦ರ ಸಾಂಕ್ರಾಮಿಕದಲ್ಲಿ ಮನೆಮಾತಾದ ಎನ್-೯೫ ಮುಖಗವಸು ಮೇಲೆ ಹೇಳಿದ ತತ್ತ್ವಗಳಿಂದಲೇ ಕೆಲಸ ಮಾಡುವುದು. ಧೂಳಿಗೆ ಅದು ತಡೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಮಾತ್ರ ಅದು ತಡೆಯಲ್ಲ. ಅದಕ್ಕೆ ಗಾಳಿಗೆ ಬೆನ್ನಾಗಿ ನಿಲ್ಲುವುದು, ತಗ್ಗಿನಲ್ಲಿ ಹೆಚ್ಚು ಹೊತ್ತು ಕೊಯ್ಯದಿರುವುದು, ಮತ್ತು ಯಂತ್ರ ಹೊಗೆ ಕಾರದಂತೆ ಶುಚಿಯಾಗಿಡುವುದೇ ಉಪಾಯ. ಯಂತ್ರದ ಶೋಧಕವನ್ನು ತೊಳೆದಾಗ ಅವನು ಕುಡಿಯುವ ಹೊಗೆಯೂ ಕಡಮೆಯಾಗುವುದು.

ಸವೆದ ಸಿಲಿಂಡರಿಗೆ ಬದಲು ಸಿಲಿಂಡರು ಪೇಟೆಯಲ್ಲಿ ದೊರೆಯುವುದು. ಸವೆದ ಶ್ವಾಸಕೋಶಕ್ಕೆ ಬದಲು ದೊರೆಯದು. ತೋಟದ ಲೆಕ್ಕದ ಪುಸ್ತಕದಲ್ಲಿ ಪೆಟ್ರೋಲಿನ ಕೆಳಗೆ ಗಾಳಿಗೂ ಒಂದು ಸಾಲನ್ನು ಬರೆಯುವ ಕಾಲ ಬಂದಿದೆ.