ಸ್ಲೇಟಿನ ಮೇಲೊಂದು ಹನಿ ಕಣ್ಣೀರು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಕಣ್ಣು ಕಂಡದ್ದನ್ನು ಬುದ್ಧಿ ಒಪ್ಪುವ ಮೊದಲು ಒಂದು ಗಳಿಗೆ ತಡೆದು ನಿಲ್ಲಲಿ ಎಂಬುದು ಆ ಮಾತಿನ ಇಂಗಿತ. ಹಾಗೆ ತಡೆದು ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಯಾರೆಂದರೆ, ‘ದಿ ಇನ್ನೊಸೆಂಟ್ಸ್’ ಚಿತ್ರವನ್ನು ನೋಡಿ ಹೊರಬಂದ ಪ್ರೇಕ್ಷಕರು. ಜ್ಯಾಕ್ ಕ್ಲೇಟನ್ ನಿರ್ದೇಶಿಸಿದ ಈ ಕಪ್ಪು-ಬಿಳುಪಿನ ಆಂಗ್ಲ ಚಿತ್ರ 1961ರಲ್ಲಿ ತೆರೆಕಂಡಿತು. ಅದಕ್ಕೆ ಮೂಲ, ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಎಂಬ ನೀಳ್ಗತೆ. ಆ ಮನೆಯಲ್ಲಿ ದೆವ್ವಗಳಿದ್ದುವೆ, ಇಲ್ಲವೆ? ಈ ಒಂದು ಪ್ರಶ್ನೆಯ ಮೇಲೆ ವಾಚಕರೂ ಪ್ರೇಕ್ಷಕರೂ ಇಂದಿಗೂ ಎರಡು ಪಂಗಡವಾಗಿ ನಿಂತಿದ್ದಾರೆ.

ಕಥೆ ಸರಳವಾದುದು. ಪಾದ್ರಿಯೊಬ್ಬನ ಮಗಳಾದ ಮಿಸ್ ಗಿಡೆನ್ಸ್, ತಂದೆತಾಯಿಗಳಿಲ್ಲದ ಇಬ್ಬರು ಮಕ್ಕಳಿಗೆ ಮನೆಪಾಠದ ಶಿಕ್ಷಕಿಯಾಗಿ ಬ್ಲೈ ಎಂಬ ಹಳ್ಳಿಗಾಡಿನ ಬಂಗಲೆಗೆ ಬರುತ್ತಾಳೆ. ಆಕೆಗೆ ಇದೇ ಮೊದಲ ಕೆಲಸ. ಲಂಡನ್ನಿನಲ್ಲಿ ಸುಖವಾಗಿರುವ ಮಕ್ಕಳ ಚಿಕ್ಕಪ್ಪನಿಗೆ ಆ ಮಕ್ಕಳ ಗೊಡವೆಯೇ ಬೇಡ. ಆಕೆಯನ್ನು ನೇಮಿಸಿಕೊಳ್ಳುವಾಗ ಆತ ಕೇಳುವ ಮೊದಲ ಪ್ರಶ್ನೆ, ನಿನಗೆ ಕಲ್ಪನಾಶಕ್ತಿ ಇದೆಯೆ ಎಂಬುದು! ಬಂಗಲೆಗೆ ಬಂದ ಕೆಲದಿನಗಳಲ್ಲೇ ಆಕೆಗೆ ಗೋಪುರದ ಮೇಲೆ ಒಬ್ಬ ಗಂಡಸು ಕಾಣಿಸುತ್ತಾನೆ. ಮುಂದೆ ಕೊಳದಾಚೆಯ ಜೊಂಡಿನಲ್ಲಿ ಕಪ್ಪು ಉಡುಪಿನ ಹೆಂಗಸೊಬ್ಬಳು. ಒಬ್ಬ ಸತ್ತ ಪರಿಚಾರಕ ಕ್ವಿಂಟ್, ಇನ್ನೊಬ್ಬಳು ಆತನನ್ನು ಪ್ರೀತಿಸಿ ಸತ್ತ ಹಿಂದಿನ ಶಿಕ್ಷಕಿ ಮಿಸ್ ಜೆಸೆಲ್. ಈ ಎರಡು ಪ್ರೇತಗಳು ಬಾಲಕ ಮೈಲ್ಸ್ ಮತ್ತು ಅವನ ತಂಗಿ ಫ್ಲೋರಾರನ್ನು ವಶಪಡಿಸಿಕೊಳ್ಳುತ್ತಿವೆ ಎಂದು ಗಿಡೆನ್ಸ್ ನಿಶ್ಚಯಿಸಿಕೊಳ್ಳುತ್ತಾಳೆ.

ಪ್ರೇತಗಳೆಲ್ಲ ಶಿಕ್ಷಕಿಯ ಅದುಮಿಟ್ಟ ಮನಸ್ಸಿನ ಸೃಷ್ಟಿ ಎಂದು ವಿಮರ್ಶಕ ಎಡ್ಮಂಡ್ ವಿಲ್ಸನ್ 1934ರಲ್ಲಿ ವಾದಿಸಿದನು. ಅದಕ್ಕೆ ಎದುರು ಪಕ್ಷದವರು ಮೂಲಕಥೆಯಿಂದಲೇ ಬಲವಾದ ಉತ್ತರ ಕೊಟ್ಟರು. ಕ್ವಿಂಟನ ಹೆಸರನ್ನೂ ಕೇಳದ, ಚಿತ್ರವನ್ನೂ ನೋಡದ ಆ ತರುಣಿ ಅವನ ಕೂದಲು, ಹುಬ್ಬು, ಕಣ್ಣುಗಳನ್ನು ಹಾಗೆಯೇ ವರ್ಣಿಸುತ್ತಾಳೆ. ಮನೆವಾರ್ತೆ ನೋಡಿಕೊಳ್ಳುವ ಗ್ರೋಸಮ್ಮ ಕೂಡಲೇ ಗುರುತು ಹಿಡಿಯುತ್ತಾಳೆ. ಭ್ರಮೆಯಾಗಿದ್ದರೆ ಇದು ಹೇಗೆ ಸಾಧ್ಯ?

ಚಿತ್ರ ಮಾಡಿದವರ ಜಾಣತನವನ್ನು ಇಲ್ಲಿ ಗಮನಿಸಬೇಕು. ಚಿತ್ರದಲ್ಲಿ ಮಕ್ಕಳೊಡನೆ ಕಣ್ಣುಮುಚ್ಚಾಲೆ ಆಡುವಾಗ ಗಿಡೆನ್ಸಳಿಗೆ ಅಟ್ಟದ ಮೇಲೆ ಕ್ವಿಂಟನ ಪುಟ್ಟ ಭಾವಚಿತ್ರವೊಂದು ಸಿಗುತ್ತದೆ. ಅದಾದ ಮೇಲೆಯೇ ಕಿಟಕಿಯ ಗಾಜಿನಾಚೆ ಅವನ ಮುಖ ಆಕೆಗೆ ಹತ್ತಿರದಿಂದ ಕಾಣುವುದು. ಹೀಗೆ ಪ್ರೇತಪಕ್ಷದ ಬಲವಾದ ಸಾಕ್ಷಿಯೊಂದು ಸದ್ದಿಲ್ಲದೆ ಮುರಿದುಬಿತ್ತು. ಇದಲ್ಲದೆ, ಬಹುಪಾಲು ಸಂದರ್ಭಗಳಲ್ಲಿ ಕ್ಯಾಮರಾ ಮೊದಲು ಬೆದರಿದ ಗಿಡೆನ್ಸಳ ಮುಖವನ್ನು ತೋರಿ, ಬಳಿಕ ಆಕೆ ಕಂಡದ್ದನ್ನು ತೋರುತ್ತದೆ. ಆ ಪಾತ್ರವನ್ನು ಧರಿಸಿದ ಡೆಬೊರಾ ಕರ್ ಅವರ ಕಣ್ಣುಗಳ ಮೂಲಕವೇ ನಾವು ಪ್ರೇತವನ್ನು ನೋಡುತ್ತೇವೆ. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಬಣ್ಣ ಬಳಿದ ಗಾಜುಗಳನ್ನು ಬಳಸಿ ಅಗಲವಾದ ತೆರೆಯ ಅಂಚುಗಳನ್ನು ಕತ್ತಲಾಗಿಸಿದನು. ಪ್ರೇಕ್ಷಕನ ದೃಷ್ಟಿ ಆ ಕತ್ತಲನ್ನು ತಾನಾಗಿಯೇ ತಡಕುತ್ತದೆ.

ಹಾಗಾದರೆ ವಿಲ್ಸನ್ನನೇ ಗೆದ್ದನೆ? ಆತುರ ಸಲ್ಲದು. ಒಂದು ದಿನ ಪಾಠದ ಕೋಣೆಯಲ್ಲಿ ಮಿಸ್ ಜೆಸೆಲ್ ಮೇಜಿನ ಮುಂದೆ ಕುಳಿತು ಅಳುತ್ತಿರುತ್ತಾಳೆ. ಗಿಡೆನ್ಸ್ ಹತ್ತಿರ ಬಂದಾಗ ಅಲ್ಲಿ ಯಾರೂ ಇಲ್ಲ. ಆದರೆ ಸ್ಲೇಟಿನ ಮೇಲೆ ಒಂದು ಹನಿ ಕಣ್ಣೀರು ಉಳಿದಿದೆ. ಕಣ್ಣು ಕಂಡದ್ದು ಭ್ರಮೆಯಾದೀತು, ಬೆರಳಿಗೆ ತಗುಲಿದ ತೇವವೂ ಭ್ರಮೆಯೆ? ಆದರೆ ಆ ಹನಿಯನ್ನು ಕಂಡವಳೂ ಆಕೆಯೊಬ್ಬಳೇ ಎಂಬುದನ್ನು ಮರೆಯುವಂತಿಲ್ಲ. ಒಂದು ಕೈಯಿಂದ ಕಿತ್ತುಕೊಂಡ ಪ್ರಮಾಣವನ್ನು ನಿರ್ದೇಶಕ ಇನ್ನೊಂದು ಕೈಯಿಂದ ಹಿಂದಿರುಗಿಸಿ ತಕ್ಕಡಿಯನ್ನು ಮತ್ತೆ ಸಮ ಮಾಡಿದ್ದಾನೆ. ವಿಲಿಯಂ ಆರ್ಚಿಬಾಲ್ಡನ ನಾಟಕ ಪ್ರೇತಗಳನ್ನು ನಿಜವೆಂದೇ ಹಿಡಿದಿತ್ತು. ಕ್ಲೇಟನ್ ಟ್ರೂಮನ್ ಕಪೋಟಿಯನ್ನು ಕರೆಸಿ ಚಿತ್ರಕಥೆಯನ್ನು ತಿದ್ದಿಸಿದ್ದು ಈ ಸಂದೇಹಕ್ಕಾಗಿಯೇ.

ಸಂದೇಹವನ್ನು ಉಳಿಸಿ ಸಾಧಿಸಿದ್ದೇನು? ಕೊನೆಯ ಭಾಗವನ್ನು ನೋಡಿ. ಕೊಳದ ಬಳಿ ಜೆಸೆಲಳನ್ನು ಕಂಡೆನೆಂದು ಒಪ್ಪಿಕೋ ಎಂದು ಗಿಡೆನ್ಸ್ ಪುಟ್ಟ ಫ್ಲೋರಾಳನ್ನು ಪೀಡಿಸುತ್ತಾಳೆ. ಮಗು ಕಿರಿಚಿ ಹುಚ್ಚುಹಿಡಿದಂತಾಗುತ್ತದೆ. ತನಗೇನೂ ಕಾಣಲಿಲ್ಲವೆಂದ ಗ್ರೋಸಮ್ಮನನ್ನು ಗಿಡೆನ್ಸ್ ಆ ಮಗುವಿನೊಡನೆ ಲಂಡನ್ನಿಗೆ ಕಳುಹಿಸಿಬಿಡುತ್ತಾಳೆ. ಮನೆಯಲ್ಲಿ ಶಂಕಿಸಬಲ್ಲವಳು ಆಕೆಯೊಬ್ಬಳಿದ್ದಳು. ಗಾಡಿಯೇರಿ ಆಕೆಯೂ ಹೋದಳು. ಉಳಿದವರು ನಿಶ್ಚಯವೇ ಮೂರ್ತಿವೆತ್ತ ಶಿಕ್ಷಕಿ ಮತ್ತು ಮೈಲ್ಸ್. ರಾತ್ರಿಯಲ್ಲಿ, ತೋಟದ ಶಿಲಾಪ್ರತಿಮೆಗಳ ನಡುವೆ, ಆ ಹೆಸರನ್ನು ಹೇಳು ಎಂದು ಆಕೆ ಒತ್ತಾಯಿಸುತ್ತಾಳೆ. ಹುಡುಗ ಕ್ವಿಂಟನ ಹೆಸರು ಹೇಳಿ, ಎಲ್ಲಿ, ಎಲ್ಲಿ ಎಂದು ಕೂಗುತ್ತ ಸುತ್ತಲೂ ನೋಡುತ್ತಾನೆ. ಕುಸಿದು ಆಕೆಯ ತೋಳಿನಲ್ಲಿ ಪ್ರಾಣ ಬಿಡುತ್ತಾನೆ.

ದೆವ್ವ ಇತ್ತೆಂದರೂ ಹುಡುಗ ಸತ್ತ, ಇರಲಿಲ್ಲವೆಂದರೂ ಸತ್ತ. ಎರಡು ಪಂಗಡದವರೂ ತಮ್ಮ ತಮ್ಮ ಪ್ರಮಾಣಗಳನ್ನು ಒಟ್ಟುಮಾಡುವ ಸಡಗರದಲ್ಲಿ ಈ ಶವವನ್ನು ದಾಟಿ ಹೋಗುತ್ತಾರೆ. ಗಿಡೆನ್ಸ್ ಕ್ರೂರಿಯಲ್ಲ, ಮಕ್ಕಳ ಮೇಲೆ ಆಕೆಗೆ ನಿಜವಾದ ಮಮತೆಯಿದೆ. ಆ ಮಮತೆಗೆ ಸಂದೇಹದ ಕಡಿವಾಣವಿಲ್ಲದಿದ್ದುದೇ ಅನರ್ಥಕ್ಕೆ ಕಾರಣವಾಯಿತು. ತಾನು ಕಂಡದ್ದನ್ನೇ ಮಗುವೂ ಕಂಡಿರಬೇಕು, ಬಾಯಿಬಿಟ್ಟು ಹೇಳಲೂ ಬೇಕು ಎಂಬ ಹಟ ಹಿರಿಯರಿಗೆ ಬಂದ ಮನೆಯಲ್ಲಿ ಮಕ್ಕಳ ಉಸಿರು ಕಟ್ಟಲು ಪ್ರೇತವೇ ಬೇಕಾಗಿಲ್ಲ.

ಈ ಬಗೆಯ ಚಿತ್ರವನ್ನು ನೋಡುವವರು ಒಗಟು ಬಿಡಿಸಿದೆವೆಂದು ಹಿಗ್ಗುವ ಮೊದಲು ಮೂರು ಸಂಗತಿಗಳನ್ನು ಕೇಳಿಕೊಳ್ಳುವುದು ಲೇಸು: ಇದನ್ನು ಕಂಡವರು ಯಾರು? ಬೇರೆ ಯಾರಾದರೂ ಕಂಡರೆ? ಇದನ್ನು ನಂಬಿದ್ದರಿಂದ ನೊಂದವರು ಯಾರು? ಮೊದಲ ಎರಡಕ್ಕೆ ಉತ್ತರ ಹೊಯ್ದಾಡಬಹುದು. ಮೂರನೆಯದಕ್ಕೆ ಉತ್ತರ ತೋಟದ ಪ್ರತಿಮೆಗಳ ನಡುವೆ ಮಲಗಿದೆ. ‘ಇನ್ನೊಸೆಂಟ್ಸ್’ ಎಂದರೆ ಮುಗ್ಧರು. ಸ್ಲೇಟಿನ ಮೇಲೆ ಬಿದ್ದ ಆ ಹನಿ ಯಾರ ಕಣ್ಣಿನದೋ, ತೀರ್ಮಾನವಾಗದೆ ಉಳಿಯಲಿ. ಯಾರಿಗಾಗಿ ಬಿದ್ದದ್ದೆಂಬುದು ಮಾತ್ರ ಸ್ಪಷ್ಟವಾಗಿದೆ.